ಕಟ್ಟಿದ ನೀರು, ಬಿಟ್ಟ ನೀರು

ನೀರನ್ನು ಕಟ್ಟಿ ನಿಲ್ಲಿಸುವುದು ಒಂದು ವಿದ್ಯೆ. ನಿಲ್ಲಿಸಿದ ನೀರನ್ನು ಹೊತ್ತರಿತು, ಅಳತೆಯರಿತು ಬಿಡುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಾವು ಕಣ್ಣಿಂದ ಕಂಡು ಮೆಚ್ಚುತ್ತೇವೆ. ಅಣೆಕಟ್ಟನ್ನು ನೋಡಲು ಜಾತ್ರೆಯಂತೆ ಜನ ಸೇರುತ್ತಾರೆ. ಎರಡನೆಯದು ಒಂದು ಕೊಠಡಿಯಲ್ಲಿ, ಒಂದು ಲೆಕ್ಕದ ಪುಸ್ತಕದ ಮುಂದೆ, ಕೆಲವರ ಚರ್ಚೆಯಲ್ಲಿ ನಡೆಯುವ ಕೆಲಸವಾದುದರಿಂದ ಅದನ್ನು ನೋಡಲು ಯಾರೂ ಹೋಗುವುದಿಲ್ಲ. ಆದರೆ ಬಯಲುಸೀಮೆಯಲ್ಲಿ ಒಂದು ಊರು ಬೆಳೆಯುವುದೂ ಒಣಗುವುದೂ, ಕೆಲವು ವೇಳೆ ಮುಳುಗುವುದೂ, ಈ ಎರಡನೆಯ ವಿದ್ಯೆಯನ್ನು ಅವಲಂಬಿಸಿದೆ. ಈ ಹೊತ್ತಿನ ಭಾಷಣಕ್ಕೆ ಅದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಶ್ರೋತೃಗಳು ಭೂಪಟವನ್ನು ಮುಂದಿಟ್ಟುಕೊಂಡರೆ ವಿಷಯ ಸುಲಭವಾಗುತ್ತದೆ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಬೆಂಗಳೂರಿನ ಹೆದ್ದಾರಿಯಲ್ಲಿ ಹೋಗುವಾಗ ಶಿಗ್ಗಾಂವಿಗೆ ಮೊದಲು ತಡಸ ಎಂಬ ಊರು ಸಿಕ್ಕುತ್ತದೆ. ಅಲ್ಲಿಂದ ಒಂದು ರಸ್ತೆ ಪಶ್ಚಿಮಕ್ಕೆ ತಿರುಗಿ ಮುಂಡಗೋಡು, ಶಿರಸಿಗಳ ಕಾಡಿನ ಕಡೆಗೆ ಹೊರಡುತ್ತದೆ. ದಾರಿಹೋಕನಿಗೆ ಇದು ರಸ್ತೆಗಳು ಕೂಡುವ ಸ್ಥಳ; ಭೂಗೋಳವನ್ನು ಬಲ್ಲವನಿಗೆ ಇದು ನೀರುಗಳು ಅಗಲುವ ಸೀಮೆ. ಈ ಭಾಗದ ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ಮಳೆ ಬೇಡ್ತಿ ನದಿಯನ್ನು ಸೇರಿ, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಕಡಲಿಗೆ ಹೋಗುತ್ತದೆ. ತಡಸಕ್ಕೆ ಸಮೀಪದ ದುಂಡಶಿಯ ಗುಡ್ಡಗಳಲ್ಲಿ ಹುಟ್ಟುವ ಬೆಣ್ಣೆಹಳ್ಳ ಉತ್ತರಕ್ಕೆ ಹರಿದು, ನವಲಗುಂದದ ಎರೆಭೂಮಿಯನ್ನು ದಾಟಿ, ಮಲಪ್ರಭೆಯನ್ನು ಕೂಡುತ್ತದೆ. ದಕ್ಷಿಣಕ್ಕೆ ಇಳಿದ ನೀರು ವರದಾ ನದಿಯ ಪಾಲಾಗಿ, ಗಳಗನಾಥದ ಸಂಗಮದಲ್ಲಿ ತುಂಗಭದ್ರೆಗೆ ಸಲ್ಲುತ್ತದೆ. ಹೀಗೆ ನೆರೆಹೊರೆಯ ಮೂರು ಹೊಲಗಳಲ್ಲಿ ಬಿದ್ದ ಮಳೆಯ ಹನಿಗಳು ಮೂರು ನದಿಗಳ ದಾರಿ ಹಿಡಿಯುತ್ತವೆ.

ಮಳೆಯ ಹಂಚಿಕೆಯೂ ಇಷ್ಟೇ ವಿಚಿತ್ರವಾದದ್ದು. ಶಿರಸಿಯ ಕಡೆ ವರ್ಷಕ್ಕೆ ಸ್ಥೂಲವಾಗಿ 100 ಅಂಗುಲದಷ್ಟು ಮಳೆಯಾದರೆ, ನರಗುಂದ ರೋಣಗಳ ಕಡೆ 25 ಅಂಗುಲ ಬಿದ್ದರೆ ಅದೇ ಪುಣ್ಯ. ಈ ಎರಡರ ನಡುವೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮಲೆನಾಡಿನ ಸೆರಗನ್ನು ಹಿಡಿದುಕೊಂಡು ನಿಂತಿವೆ. ಒಂದು ವರ್ಷ ಭತ್ತದ ಸೀಮೆಯಾಗಿ, ಮತ್ತೊಂದು ವರ್ಷ ಜೋಳದ ಸೀಮೆಯಾಗಿ, ಮಗುದೊಂದು ವರ್ಷ ಎರಡೂ ಇಲ್ಲದ ಸೀಮೆಯಾಗಿ ಅವು ಕಾಣಿಸಿಕೊಳ್ಳುತ್ತವೆ. ಇಂಥ ನಾಡಿನಲ್ಲಿ ಮಳೆ ಎಷ್ಟು ಬಂತು ಎಂಬುದಕ್ಕಿಂತ, ಬಂದ ಮಳೆಯನ್ನು ಎಷ್ಟು ದಿನ ಇಟ್ಟುಕೊಂಡೆವು, ಯಾವ ದಿನ ಬಿಟ್ಟೆವು ಎಂಬ ಪ್ರಶ್ನೆಯೇ ಹೆಚ್ಚಿನದು.

ಹಿಂದಿನವರು ಈ ಪ್ರಶ್ನೆಯನ್ನು ತಮ್ಮದೇ ಆದ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಹಾನಗಲ್ಲಿನ ಸೀಮೆಯಲ್ಲಿ ವರದೆಯ ಉಪನದಿಯಾದ ಧರ್ಮಾ ಹೊಳೆಗೆ ಒಡ್ಡು ಹಾಕಿ, ಅದರ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಊರೂರಿನ ಕೆರೆಗಳನ್ನು ತುಂಬಿಕೊಳ್ಳುವ ಏರ್ಪಾಡು ಬಹು ಹಳೆಯದು. ಮಳೆಗಾಲದಲ್ಲಿ ಹೊಳೆಯ ನೀರು ಕೆರೆಗೆ. ಮಳೆ ಹಿಂದೆಗೆದ ಮೇಲೆ ಕೆರೆಯ ನೀರು ಗದ್ದೆಗೆ. ಒಂದು ಕೆರೆಯ ಕೋಡಿ ಹರಿದರೆ ಅದು ಕೆಳಗಿನ ಕೆರೆಯ ಆದಾಯ. ಮೇಲಿನ ಊರಿನವರು ಕೋಡಿಯನ್ನು ಒಂದು ಗೇಣು ಎತ್ತರಿಸಿದರೆ ಕೆಳಗಿನ ಊರಿನವರು ಕೇಳಲು ಬರುತ್ತಿದ್ದರು. ತೂಬನ್ನು ಎತ್ತುವ ಅಧಿಕಾರ ನೀರುಗಂಟಿಯದು. ಅವನ ಮನೆ ಅದೇ ಊರಿನಲ್ಲಿ. ತಪ್ಪು ಮಾಡಿದರೆ ಸಂಜೆಯೊಳಗೆ ಉತ್ತರ ಹೇಳಬೇಕು. ಈ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳೂ, ಬಲಿಷ್ಠರ ದಬ್ಬಾಳಿಕೆಯೂ ಇದ್ದುವು. ಅದನ್ನು ಸ್ವರ್ಗವೆಂದು ವರ್ಣಿಸಬೇಕಾಗಿಲ್ಲ. ಆದರೆ ನೀರು ಬಿಡುವವನ ಮುಖ ನೀರು ಪಡೆಯುವವನಿಗೆ ಕಾಣುತ್ತಿತ್ತು. ಅಷ್ಟು ಮಾತ್ರ ನಿಜ.

ಕೆರೆ ದೊಡ್ಡದಾದಷ್ಟೂ ಹೊಣೆ ದೊಡ್ಡದಾಗುತ್ತದೆಂಬುದಕ್ಕೂ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಹಿರೇಕೆರೂರಿನ ಕಡೆಯ ಮಾಸೂರಿನ ಬಳಿ, ಕುಮುದ್ವತಿ ನದಿ ಎರಡು ಗುಡ್ಡಗಳ ನಡುವೆ ನುಸುಳುವಲ್ಲಿ, ಮದಗದ ಕೆರೆಯ ಏರಿಯನ್ನು ಕಟ್ಟಿದರು. ವಿಜಯನಗರದ ಕಾಲದ್ದೆಂದು ಹೇಳುವ ಆ ಕೆರೆ ದಕ್ಷಿಣ ಹಿಂದೂಸ್ಥಾನದ ಹಿರಿಯ ಕೆರೆಗಳ ಸಾಲಿಗೆ ಸೇರಿದ್ದು. ಕಾಲಾಂತರದಲ್ಲಿ ಅದು ಒಡೆಯಿತು. ಬಹುಕಾಲದ ಮೇಲೆ ಪುನರುದ್ಧಾರವಾದಾಗ ಹಿಂದಿನ ವಿಸ್ತಾರದ ಒಂದಂಶವಷ್ಟೇ ಉಳಿಯಿತು. ನದಿಯನ್ನೇ ಕೆರೆಯಾಗಿ ಮಾಡಿಕೊಂಡವನು ನದಿಯ ಕೋಪಕ್ಕೂ ದಾರಿ ಇಟ್ಟಿರಬೇಕು ಎಂಬುದು ಅದರ ಪಾಠ.

ಇಂದಿನ ಜಲಾಶಯಗಳು ಈ ಕೆರೆಗಳ ಮೊಮ್ಮಕ್ಕಳು. ಆದರೆ ಅಳತೆಯೇ ಬೇರೆಯಾಗಿದೆ. ಪತ್ರಿಕೆಗಳಲ್ಲಿ ದಿನವೂ ಟಿ.ಎಂ.ಸಿ., ಕ್ಯುಸೆಕ್ ಎಂಬ ಮಾತುಗಳನ್ನು ಓದುತ್ತೇವೆ. ಇವು ಏನೆಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳೋಣ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ ನೀರು. ಇದನ್ನು ಸಮತಟ್ಟಾದ ನೆಲದ ಮೇಲೆ ಒಂದಡಿ ಆಳಕ್ಕೆ ನಿಲ್ಲಿಸಿದರೆ ಸುಮಾರು 23,000 ಎಕರೆ ಮುಚ್ಚುತ್ತದೆ. 10 ಲಕ್ಷ ಜನರಿರುವ ಒಂದು ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೆ ಸುಮಾರು ಏಳು ತಿಂಗಳು ಸಾಲುತ್ತದೆ. ಕ್ಯುಸೆಕ್ ಎಂಬುದು ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ. ಲಕ್ಷ ಕ್ಯುಸೆಕ್ ಪ್ರವಾಹ ಒಂದು ಹಗಲು ಒಂದು ರಾತ್ರಿ ಬಂದರೆ ಎಂಟೂವರೆ ಟಿ.ಎಂ.ಸಿ.ಗೂ ಸ್ವಲ್ಪ ಹೆಚ್ಚು ನೀರು ಬಂದಂತಾಗುತ್ತದೆ. ಅಂದರೆ ಒಂದು ವರ್ಷ ಜೋಪಾನ ಮಾಡಬೇಕಾದ ನೀರು ಒಂದೇ ದಿನದಲ್ಲಿ ಬಂದುಬಿಡಬಹುದು. ಆ ಒಂದು ದಿನ ಜಾಗವಿಲ್ಲದಿದ್ದರೆ ಬಂದಂತೆಯೇ ಹೋಗಲೂಬಹುದು.

ಜಲಾಶಯದ ಅಧಿಕಾರಿಯ ಕಷ್ಟ ಇಲ್ಲಿಂದ ಮೊದಲಾಗುತ್ತದೆ. ಬರವನ್ನು ನೆನೆದರೆ ಜಲಾಶಯವನ್ನು ಆದಷ್ಟು ಬೇಗ ತುಂಬಿಕೊಳ್ಳಬೇಕು. ನೆರೆಯನ್ನು ನೆನೆದರೆ ಮೇಲೆ ಸ್ವಲ್ಪ ತೆರಪನ್ನು ಬಿಟ್ಟುಕೊಂಡಿರಬೇಕು. ಜುಲೈ ತಿಂಗಳಲ್ಲಿ ತೆರಪು ಇಟ್ಟು, ಆಮೇಲೆ ಮಳೆ ಬಾರದೆ ಹೋದರೆ, ನೀರನ್ನು ಹಾಳುಮಾಡಿದನೆಂಬ ಅಪವಾದ. ತುಂಬಿಕೊಂಡು ಕುಳಿತಾಗ ಒಮ್ಮೆಲೇ ಮಳೆ ಸುರಿದರೆ, ಹಳ್ಳಿಗಳನ್ನು ಮುಳುಗಿಸಿದನೆಂಬ ಅಪವಾದ. 1908ನೆಯ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಕೊಚ್ಚಿಕೊಂಡು ಹೋದ ಮೇಲೆ, ನಗರದ ರಕ್ಷಣೆಗೆಂದು ಮೇಲ್ಗಡೆ ಜಲಾಶಯಗಳನ್ನು ಕಟ್ಟಬೇಕೆಂದು ವಿಶ್ವೇಶ್ವರಯ್ಯನವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದುವು. ನೆರೆಯನ್ನು ತಡೆಯಲೆಂದು ಕಟ್ಟಿದ ಆ ಕೆರೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಡಬೇಕಾಯಿತು. ಒಂದು ಕೆಲಸಕ್ಕೆ ಅವು ಬರಿದಾಗಿರಬೇಕು, ಇನ್ನೊಂದಕ್ಕೆ ತುಂಬಿರಬೇಕು. ನಮ್ಮ ಎಲ್ಲ ದೊಡ್ಡ ಜಲಾಶಯಗಳೂ ಇಂಥ ಎರಡು ಯಜಮಾನರ ಸೇವೆಯಲ್ಲಿವೆ.

ಈ ಇಕ್ಕಟ್ಟು ನಮ್ಮ ನಾಡಿನಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದಕ್ಕೆ ಮೂರು ಉದಾಹರಣೆಗಳನ್ನು ತೆಗೆದುಕೊಳ್ಳೋಣ.

ಮೊದಲನೆಯದು ಮಲಪ್ರಭೆ. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಈ ನದಿಗೆ ಕಟ್ಟಿದ ಜಲಾಶಯದಲ್ಲಿ 37 ಟಿ.ಎಂ.ಸಿ.ಗೂ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ನದಿ ಮಾತ್ರ ಅಷ್ಟನ್ನು ಪ್ರತಿ ವರ್ಷವೂ ತಂದುಕೊಡಲಿಲ್ಲ. ಕಾಲುವೆಗಳನ್ನು ತೋಡಿದ ಮೇಲೆ, ನೀರು ಕಂಡ ಹೊಲವೂ ಕಾಣದ ಹೊಲವೂ ಅಭಿವೃದ್ಧಿ ಕರಕ್ಕೆ ಒಳಪಟ್ಟುವು. ಕಾಲುವೆಯ ಬಾಯಿಯ ಕಡೆಯವರಿಗೆ ಅತಿಯಾದ ನೀರಿನಿಂದ ನೆಲ ಜವುಗಾಯಿತು. ಬಾಲದ ಕಡೆಯವರಿಗೆ ಕಾಲುವೆಯ ಗುರುತಷ್ಟೇ ಉಳಿಯಿತು. 1980ನೆಯ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ರೈತರ ಚಳವಳಿ ಗೋಲಿಬಾರಿನಲ್ಲಿ, ಪ್ರಾಣಹಾನಿಯಲ್ಲಿ ಕೊನೆಗೊಂಡಿತು. ಆ ದಿನವನ್ನು ಅಲ್ಲಿಯ ಜನ ಇಂದಿಗೂ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಅದಕ್ಕೆ ಕಾರಣಗಳು ಹಲವು. ಆದರೆ ಬಾಲಕ್ಕೆ ನೀರು ಮುಟ್ಟದ ಕಾಲುವೆಗೆ ಪೂರ್ತಿ ಕರವನ್ನು ಕೇಳಿದುದು ಅವುಗಳಲ್ಲಿ ಮುಖ್ಯವಾದದ್ದು.

ಅದೇ ಮಲಪ್ರಭೆ 2019ನೆಯ ಆಗಸ್ಟಿನಲ್ಲಿ ಬೇರೆ ಮುಖವನ್ನು ತೋರಿಸಿತು. ಬಹು ವರ್ಷ ತುಂಬದೆ ಇದ್ದ ಜಲಾಶಯ ಕೆಲವೇ ದಿನಗಳಲ್ಲಿ ತುಂಬಿ, ಬಾಗಿಲುಗಳನ್ನು ತೆರೆಯಬೇಕಾಯಿತು. ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಪಟ್ಟದಕಲ್ಲಿನ ದೇಗುಲಗಳ ಅಂಗಳವೂ ಹೊಳೆಯಾಯಿತು. ಇಲ್ಲಿ ತಡಸದ ಸೀಮೆಯ ಬೆಣ್ಣೆಹಳ್ಳವನ್ನು ಮತ್ತೆ ನೆನೆಯಬೇಕು. ಈ ಹಳ್ಳಕ್ಕೆ ದೊಡ್ಡ ಜಲಾಶಯವಿಲ್ಲ. ಅದು ಮಲಪ್ರಭೆಯನ್ನು ಕೂಡುವುದು ಅಣೆಕಟ್ಟಿನಿಂದ ಕೆಳಗೆ. ವರ್ಷದಲ್ಲಿ ಬಹುಕಾಲ ಅದನ್ನು ಕಾಲು ನೆನೆಯದಂತೆ ದಾಟಬಹುದು. ದುಂಡಶಿ, ಹುಬ್ಬಳ್ಳಿಗಳ ಕಡೆ ಒಂದು ರಾತ್ರಿ ಮಳೆ ಹೊಡೆದರೆ ಮರುದಿನ ನವಲಗುಂದದ ಎರೆಹೊಲಗಳು ಸಮುದ್ರವಾಗುತ್ತವೆ. ಆದುದರಿಂದ ನವಿಲುತೀರ್ಥದ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದನ್ನು ನವಿಲುತೀರ್ಥದಲ್ಲಿಯೇ ನಿಂತು ತೀರ್ಮಾನಿಸುವುದು ಸಾಲದು. ಶಿಗ್ಗಾಂವಿ ಕುಂದಗೋಳಗಳಲ್ಲಿ ಮಳೆ ಎಷ್ಟಾಯಿತೆಂಬುದು ಗೊತ್ತಿರಬೇಕು. ಹಳ್ಳವೂ ಅಣೆಯ ನೀರೂ ಒಂದೇ ಗಳಿಗೆಯಲ್ಲಿ ಒಂದೇ ಹಳ್ಳಿಯ ಬಾಗಿಲಿಗೆ ಬಾರದಂತೆ ಅರ್ಧ ದಿನ ಹಿಂದೆ ಮುಂದೆ ಮಾಡಿದರೂ ಎಷ್ಟೋ ಮನೆಗಳು ಉಳಿಯುತ್ತವೆ. ಇದಕ್ಕೆ ಬೇಕಾದದ್ದು ಹೊಸ ಕಲ್ಲುಗಾರೆಯಲ್ಲ. ಮಳೆಯ ಅಳತೆಮಾಪಕಗಳು, ವೇಗವಾಗಿ ಬರುವ ಸುದ್ದಿ, ಮೊದಲೇ ಸಾರುವ ಎಚ್ಚರಿಕೆ.

ಎರಡನೆಯ ಉದಾಹರಣೆ ತುಂಗಭದ್ರೆ. ವರದೆಯ ನೀರನ್ನೂ ಕುಮುದ್ವತಿಯ ನೀರನ್ನೂ ಒಳಗೊಂಡು ಈ ನದಿ ಹೊಸಪೇಟೆಯನ್ನು ಸೇರುತ್ತದೆ. ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಒಪ್ಪಿಕೊಂಡು 1945ರಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು 1953ರಲ್ಲಿ ನೀರು ಕೊಡಲು ಮೊದಲುಮಾಡಿತು. ಕೃಷ್ಣಾ ಜಲವಿವಾದದ ಮೊದಲ ನ್ಯಾಯಮಂಡಲಿ 1973ರಲ್ಲಿ ಕೊಟ್ಟ ತೀರ್ಪಿನಲ್ಲಿ ಈ ಜಲಾಶಯದ ಬಳಕೆಯನ್ನು 230 ಟಿ.ಎಂ.ಸಿ. ಎಂದು ಎಣಿಸಿತು. ಆವಿಯಾಗಿ ಹೋಗುವುದು 18, ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01. ಕಾಗದದ ಮೇಲಿನ ಈ ಪಾಲು ಬದಲಾಗಿಲ್ಲ. ಆದರೆ ಪಾತ್ರೆ ಕಿರಿದಾಗಿದೆ. ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, 2016ರ ಅಳತೆಯ ವೇಳೆಗೆ ಸುಮಾರು 105 ಮಾತ್ರ ಉಳಿಯಿತು. ಮೇಲಾಗಿ, ಹೆಚ್ಚು ನೆಲಕ್ಕೆ ತೆಳುವಾಗಿ ನೀರು ಹಂಚಿ ಜೋಳ ಹತ್ತಿಗಳನ್ನು ಬರದಿಂದ ಕಾಯಬೇಕೆಂಬುದು ಕಾಲುವೆಯ ಮೂಲ ಉದ್ದೇಶಗಳಲ್ಲೊಂದಾಗಿದ್ದರೂ, ಬಾಯಿಯ ಕಡೆ ಭತ್ತ ಬೇರೂರಿತು. ಭತ್ತ ಕುಡಿಯುವ ಒಂದು ಎಕರೆಯ ನೀರಿನಲ್ಲಿ ಜೋಳದ ಎರಡು ಮೂರು ಎಕರೆ ಬದುಕುತ್ತದೆ. ರಾಯಚೂರು ಜಿಲ್ಲೆಯ ಬಾಲದ ಹೊಲದವನು ಪ್ರತಿ ವರ್ಷ ಕಾಲುವೆಯ ಕಡೆ ನೋಡುತ್ತ ನಿಲ್ಲುವುದಕ್ಕೆ ಇದು ಕಾರಣ.

ಇಂಥ ಜಲಾಶಯದಲ್ಲಿ 2024ನೆಯ ಆಗಸ್ಟ್ 10ರ ರಾತ್ರಿ, 33 ಬಾಗಿಲುಗಳಲ್ಲಿ 19ನೆಯದರ ಸರಪಣಿ ಕಡಿದು, ಬಾಗಿಲು ಕೊಚ್ಚಿಹೋಯಿತು. ಹಿಂದಿನ ವರ್ಷ, ಅಂದರೆ 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ್ದರು. ಬರದ ಬೆನ್ನಿಗೇ ದೊರೆತ ತುಂಬಿದ ಜಲಾಶಯ ಅದು. ಒಡೆದ ಬಾಗಿಲ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆದು, ಕಾಪಾಡಬೇಕಾಗಿದ್ದ ನೀರನ್ನು ಕೈಯಾರೆ ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಆಗಸ್ಟ್ 16, 17ರ ವೇಳೆಗೆ ಆ ಕಂಡಿಯನ್ನು ಮುಚ್ಚಿದರು. ಆ ವರ್ಷ ಮುಂದೆ ಮಳೆ ಬಂದು ಜಲಾಶಯ ಚೇತರಿಸಿಕೊಂಡದ್ದು ಭಾಗ್ಯ. ಆದರೆ 2025ರಲ್ಲಿ ಬಾಗಿಲುಗಳ ಮೇಲೆ ಭಾರ ಹಾಕಲಾರದೆ ಸಂಗ್ರಹವನ್ನು ಸುಮಾರು 80 ಟಿ.ಎಂ.ಸಿ.ಗೆ ಮಿತಗೊಳಿಸಬೇಕಾಯಿತು. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಒಂದು ಸರಪಣಿಯ ಕೊಂಡಿ ಹತ್ತಾರು ತಾಲ್ಲೂಕುಗಳ ಬೆಳೆಯನ್ನು ಹಿಡಿದುಕೊಂಡಿತ್ತು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ನೀರು ಬಿಡುವ ವಿದ್ಯೆಯಲ್ಲಿ ಸರಪಣಿಗೆ ಎಣ್ಣೆ ಹಾಕುವುದೂ ಒಂದು ಅಧ್ಯಾಯ. ಉದ್ಘಾಟನೆಯ ಕಲ್ಲಿನ ಮೇಲೆ ಅದಕ್ಕೆ ಸ್ಥಳವಿಲ್ಲದಿದ್ದರೂ ಅದರ ಬೆಲೆ ಕಡಿಮೆಯಲ್ಲ.

ಮೂರನೆಯ ಉದಾಹರಣೆ ನಗರವಾಸಿಗಳಾದ ತಮಗೆ ಹತ್ತಿರದ್ದು. ಬೇಸಗೆಯಲ್ಲಿ ತುಂಗಭದ್ರೆ ಬತ್ತಿ, ಹಾವೇರಿ ಗದಗಗಳಂಥ ನಗರಗಳ ನಲ್ಲಿಗಳು ಒಣಗುವ ಹೊತ್ತಿಗೆ, ಮೇಲಿನ ಭದ್ರಾ ಜಲಾಶಯದಿಂದ ನದಿಗೆ ಕುಡಿಯುವ ನೀರನ್ನು ಬಿಡುವ ವಾಡಿಕೆ ಬೆಳೆದಿದೆ. ಒಣ ಮರಳಿನ ಮೇಲೆ ಬಿಟ್ಟ ನೀರು ಮೊದಲು ಮರಳಿನ ದಾಹವನ್ನು ತೀರಿಸುತ್ತದೆ. ಆಮೇಲೆ ಎರಡು ದಡಗಳ ಪಂಪುಗಳು ತಮ್ಮ ಪಾಲನ್ನು ಎತ್ತಿಕೊಳ್ಳುತ್ತವೆ. ಉಳಿದದ್ದು ಮುಂದಕ್ಕೆ ಹೋಗಬೇಕು. ಅದಕ್ಕಾಗಿ ನೀರು ಸಾಗುವ ದಿನಗಳಲ್ಲಿ ದಡದ ಪಂಪುಗಳಿಗೆ ವಿದ್ಯುತ್ತನ್ನು ನಿಲ್ಲಿಸುವ ಆಜ್ಞೆಗಳಾಗುತ್ತವೆ. ಪೈರು ಒಣಗುತ್ತಿರುವ ರೈತನಿಗೆ, ಕಣ್ಣ ಮುಂದೆಯೇ ಹರಿಯುವ ನೀರು ತನ್ನದಲ್ಲವೆಂದು ಹೇಳಿದಂತೆ. ಭದ್ರೆಯ ಕಾಲುವೆಯ ಬಾಲದಲ್ಲಿರುವ ದಾವಣಗೆರೆಯ ಕಡೆಯ ರೈತರೂ 2023ರಲ್ಲಿ ಕಾಲುವೆಗೆ ನೀರು ನಿಂತಾಗ ಬೀದಿಗೆ ಇಳಿದರು. ಇವರೆಲ್ಲರ ಬೇಡಿಕೆಯೂ ನ್ಯಾಯವಾದದ್ದೇ. ಕುಡಿಯುವ ನೀರಿಗೆ ಮೊದಲ ಸ್ಥಾನವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಗರದಲ್ಲಿ ಸೋರುವ ಕೊಳವೆ ಆ ಮೊದಲ ಸ್ಥಾನಕ್ಕೆ ಅರ್ಹವಲ್ಲ. ದಡದ ಪಂಪನ್ನು ನಿಲ್ಲಿಸಿ ತಂದ ನೀರು ನಗರದ ಚರಂಡಿಗೆ ಸೋರಿಹೋದರೆ, ಆ ರೈತನ ಮುಂದೆ ನಾವು ಯಾವ ಮುಖದಿಂದ ನಿಲ್ಲಬೇಕು?

ಹಾಗಾದರೆ ಪರಿಹಾರವೇನು? ಹೊಸ ನೀರನ್ನು ತರೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಮಹದಾಯಿಯ ವಿಷಯದಲ್ಲಿ ನ್ಯಾಯಮಂಡಲಿ 2018ರ ಆಗಸ್ಟಿನಲ್ಲಿ ತೀರ್ಪಿತ್ತು, ಕಳಸಾ ನಾಲೆಯಿಂದ 1.72, ಬಂಡೂರಿ ನಾಲೆಯಿಂದ 2.18 ಟಿ.ಎಂ.ಸಿ.ಯನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಬೇಡ್ತಿಯ ನೀರನ್ನು ವರದೆಗೆ ತಿರುಗಿಸಬೇಕೆಂಬ ಯೋಜನೆಯೂ ಇದೆ. ಹಾವೇರಿಯ ಕಡೆಯವರು ಅದನ್ನು ಬೇಡುತ್ತಾರೆ. ಶಿರಸಿ ಯಲ್ಲಾಪುರಗಳ ಕಡೆಯವರು ತಮ್ಮ ಕಾಡು, ತೋಟ, ಹೊಳೆಗಳ ಗತಿಯೇನೆಂದು ಕೇಳುತ್ತಾರೆ. ನಾನು ಇಲ್ಲಿ ಯಾರ ಪಕ್ಷವನ್ನೂ ವಹಿಸಿ ವಾದಿಸಲು ಬಂದಿಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕೆನಿಸುತ್ತದೆ. ನೆರೆಯವನ ಕಣಜದಿಂದ ಸಾಲ ಕೇಳಲು ಹೋಗುವವನು ತನ್ನ ಕಣಜದ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ಹೋಗುವುದು ಮರ್ಯಾದೆ. ಕಾಲುವೆಯ ಬಾಯಲ್ಲಿ ಎಷ್ಟು ಬಿಟ್ಟೆವು, ಬಾಲದಲ್ಲಿ ಎಷ್ಟು ಮುಟ್ಟಿತು, ನಡುವೆ ಹೋದದ್ದೆಲ್ಲಿಗೆ ಎಂಬ ಲೆಕ್ಕ ನಮ್ಮಲ್ಲಿ ಸ್ಪಷ್ಟವಾಗಿದ್ದರೆ ನಮ್ಮ ಬೇಡಿಕೆಗೆ ಬಲ ಬರುತ್ತದೆ. ಇಲ್ಲದಿದ್ದರೆ ಅನುಮಾನ ಹುಟ್ಟುತ್ತದೆ.

ಈ ವಿಷಯದಲ್ಲಿ ನಮಗೆ ದಾರಿ ತೋರಿದವರು ಹೊರಗಿನವರಲ್ಲ. ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ವಿಶ್ವೇಶ್ವರಯ್ಯನವರು 1899ರ ಸುಮಾರಿಗೆ ನೀರಾ ಕಾಲುವೆಯ ಸೀಮೆಯಲ್ಲಿ ಬ್ಲಾಕ್ ಪದ್ಧತಿಯೆಂಬುದನ್ನು ರೂಪಿಸಿದರು. ನೀರನ್ನು ಬಾಯಿಯ ಕಡೆಯ ಕೆಲವು ಹಳ್ಳಿಗಳೇ ಕಬ್ಬಿಗೆ ಹೀರಿಕೊಳ್ಳದಂತೆ, ಪ್ರತಿ ಹಳ್ಳಿಗೂ ಗೊತ್ತಾದ ವಿಸ್ತಾರವನ್ನು ನಿಗದಿಮಾಡಿ, ಅಲ್ಲಿ ಕಬ್ಬು, ಭತ್ತ, ಒಣಬೆಳೆಗಳನ್ನು ಸರದಿಯಿಂದ ಬೆಳೆಯುವುದು ಅದರ ತಿರುಳು. ಖಡಕ್‌ವಾಸ್ಲಾದ ಕೆರೆಗೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೀರು ಗೊತ್ತಾದ ಮಟ್ಟ ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತಿದ್ದುವು. ಆ ಬಾಗಿಲುಗಳು ಎಲ್ಲರ ನೆನಪಿನಲ್ಲಿವೆ. ಹಂಚಿಕೆಯ ಆ ಪದ್ಧತಿಯನ್ನು ಮರೆತಿದ್ದೇವೆ. ಇವೆರಡರಲ್ಲಿ ಹೆಚ್ಚು ಕಷ್ಟವಾದದ್ದು ಎರಡನೆಯದು. ಕಬ್ಬಿಣಕ್ಕೆ ಒಂದು ಮಟ್ಟವನ್ನು ಹೇಳಿಕೊಟ್ಟರೆ ಅದು ಮೀರುವುದಿಲ್ಲ. ಮನುಷ್ಯನಿಗೆ ಹೇಳಿಕೊಡುವುದು ಅಷ್ಟು ಸುಲಭವಲ್ಲ.

ಆ ಪದ್ಧತಿಯ ಒಳಗನ್ನು ಇಂದಿನ ಸ್ಥಿತಿಗೆ ಒಗ್ಗಿಸಿ ಹೇಳುವುದಾದರೆ, ನಾಲ್ಕು ನಿಯಮಗಳು ಸಾಕು. ಈ ವರ್ಷ ಎಷ್ಟು ನೀರು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಬಿತ್ತನೆಗೆ ಮೊದಲೇ ಸಾರಬೇಕು. ನೀರಾವರಿ ಸಲಹಾ ಸಮಿತಿಯ ಸಭೆ ಭತ್ತದ ಸಸಿ ನಾಟಿಯಾದ ಮೇಲೆ ಕೂಡಿದರೆ ಪ್ರಯೋಜನವಿಲ್ಲ. ಸರದಿಯಲ್ಲಿ ಬಾಲದವರಿಗೆ ಮೊದಲು, ಬಾಯಿಯವರಿಗೆ ಕೊನೆಗೆ ಎಂಬ ಕ್ರಮವನ್ನು ಕೊರತೆಯ ವರ್ಷಗಳಲ್ಲಾದರೂ ಪಾಲಿಸಬೇಕು. ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳಂತೆಯೇ ಪ್ರತಿ ಉಪಕಾಲುವೆಯ ಬಾಲದ ಅಳತೆಯೂ ದಿನದಿನ ಪ್ರಕಟವಾಗಬೇಕು. ಬಾಗಿಲು, ಸರಪಣಿ, ತೂಬುಗಳ ಪರೀಕ್ಷೆ ಪ್ರತಿ ಬೇಸಗೆಯಲ್ಲಿ, ನೀರು ತಗ್ಗಿದಾಗ ಆಗಲೇಬೇಕು. ಇದರ ಜೊತೆಗೆ ಹಳೆಯ ಕೆರೆಗಳನ್ನು ಮರೆಯಬಾರದು. ಮುಂಡಗೋಡು ತಾಲ್ಲೂಕಿನ ಧರ್ಮಾ ಜಲಾಶಯ ಹಾನಗಲ್ಲಿನ ಹೊಲಗಳಿಗೆ ನೀರು ಕೊಡುತ್ತದೆ. ಮೇಲಿನ ಜಿಲ್ಲೆಯ ಜಲಾಶಯಕ್ಕೂ ಕೆಳಗಿನ ಜಿಲ್ಲೆಯ ಹೊಲಕ್ಕೂ ಮಧ್ಯೆ ಕೆರೆಯೊಂದಿದ್ದರೆ, ಬಿಡುವವನ ಒಂದು ದಿನದ ತಪ್ಪು ಬೆಳೆಯುವವನ ಒಂದು ವರ್ಷದ ನಷ್ಟವಾಗುವುದಿಲ್ಲ. ಬೆಣ್ಣೆಹಳ್ಳದಂಥ ಕಡಿವಾಣವಿಲ್ಲದ ಹಳ್ಳಗಳಿಗೂ, ಮೇಲ್ಗಡೆಯ ಕೆರೆಕಟ್ಟೆಗಳನ್ನು ಹೂಳೆತ್ತಿ ಇಟ್ಟುಕೊಳ್ಳುವುದಕ್ಕಿಂತ ಸುಲಭವಾದ ಉಪಾಯ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮಳೆ ನಮ್ಮ ಕೈಯಲ್ಲಿಲ್ಲ. ಬರದ ವರ್ಷದಲ್ಲಿ ಯಾವ ನಿಯಮವೂ ಇಲ್ಲದ ನೀರನ್ನು ಹುಟ್ಟಿಸಲಾರದು. ಆದರೆ ಇರುವ ನೀರು ಯಾರ ಪಾಲಿಗೆ ಎಷ್ಟು ಎಂಬುದು ಎಲ್ಲರಿಗೂ ಗೊತ್ತಿದ್ದಲ್ಲಿ, ಕೊರತೆಯನ್ನು ಜನ ಸಹಿಸುತ್ತಾರೆ. ಗೊತ್ತಿಲ್ಲದಲ್ಲಿ ಸಮೃದ್ಧಿಯ ವರ್ಷದಲ್ಲೂ ಜಗಳವಾಡುತ್ತಾರೆ. ಹಿಂದಿನ ನೀರುಗಂಟಿಯ ಮುಖ ಊರಿನವರಿಗೆ ಕಾಣುತ್ತಿತ್ತು. ಇಂದಿನ ಜಲಾಶಯದ ಮುಂದೆ ಲಕ್ಷಾಂತರ ಜನ ಕೈಯೊಡ್ಡಿ ನಿಂತಿದ್ದಾರೆ. ಎಲ್ಲರಿಗೂ ಒಬ್ಬನ ಮುಖ ಕಾಣುವುದು ಸಾಧ್ಯವಿಲ್ಲ. ಲೆಕ್ಕ ಕಾಣಬಹುದು. ನಾಳೆಯ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟವನ್ನು ಕೊಟ್ಟಿರುವ ಆ ಸಣ್ಣ ಅಂಕಣವನ್ನು ತಾವು ಹಾಗೆಯೇ ದಾಟಿಹೋಗದೆ ಒಮ್ಮೆ ಓದಬೇಕು. ಬಾಲದ ಕಾಲುವೆಯ ಅಂಕಿ ಅದರಲ್ಲಿ ಏಕಿಲ್ಲವೆಂದು ಕೇಳಬೇಕು. ಓದುಬರಹ ಬಲ್ಲ ನಗರವಾಸಿಗಳು ಅಷ್ಟನ್ನು ಕೇಳಲು ಮೊದಲುಮಾಡಿದರೆ, ಹೊಲದಲ್ಲಿ ನಿಂತು ಕಾಯುವವನ ಮಾತಿಗೆ ಇನ್ನೊಂದು ದನಿ ಕೂಡಿದಂತಾಗುತ್ತದೆ.